ಶೆಡ್ಡಿನ ಕಾವಲು

ನನ್ನ ತಂಗಿ ಏನು ಓದುತ್ತಿದ್ದಾಳೆಂದು ನೈರೋಬಿಯ ನಮ್ಮ ಕನ್ನಡದವರು ಕೇಳಿದಾಗಲೆಲ್ಲ ನಾನು "ಹಿಸ್ಟರಿ" ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಮಣ್ಣು ಅಗೆದು ಹಳೆಯ ಮೂಳೆ, ಮಡಕೆ ಚೂರು ಹುಡುಕುವ ಓದು ಎಂದು ಬಿಡಿಸಿ ಹೇಳಿದರೆ ಮುಂದೆ ಬರುವ ಪ್ರಶ್ನೆ ನನಗೆ ಗೊತ್ತಿತ್ತು. ಅದರಿಂದ ಕೆಲಸ ಸಿಗುತ್ತಾ? ಸಿಗುತ್ತಿತ್ತು. ಅವಳ ಪ್ರೊಫೆಸರ್ ವರ್ಷಕ್ಕೊಮ್ಮೆ, ದೊಡ್ಡ ರಜೆಯಲ್ಲಿ, ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಉತ್ತರದ ಮರಳುಗಾಡಿಗೆ ಕರೆದುಕೊಂಡು ಹೋಗಿ ಅಗೆತ ಕಲಿಸುತ್ತಿದ್ದರು. ಅಲ್ಲಿಂದ ಬಂದ ಮೇಲೆ ಒಬ್ಬರನ್ನು, ಒಬ್ಬರನ್ನು ಮಾತ್ರ, ನೈರೋಬಿಯ ತಮ್ಮ ಲ್ಯಾಬಿನಲ್ಲಿ ಇಟ್ಟುಕೊಂಡು ಮುಂದಿನ ಓದು ಓದಿಸುತ್ತಿದ್ದರು. ತಂಗಿ ಆ ಜಾಗದ ಮೇಲೆ ಕಣ್ಣಿಟ್ಟು ಮೂರು ವರ್ಷ ಓದಿದ್ದಳು. ಅವಳಿಗೇ ಸಿಗುತ್ತದೆ ಎಂದು ಅವಳ ಜೊತೆಯವರೂ ಹೇಳುತ್ತಿದ್ದರು. ಸಿಗಲಿಲ್ಲ. ಅದಕ್ಕೆ ಕಾರಣ ನಾನು. ಇದನ್ನು ನನ್ನ ಗಂಡನಿಗೆ ಕೂಡ ಇನ್ನೂ ಹೇಳಿಲ್ಲ.

ನಾನು ಓದಿದ್ದು ಎಂಟನೇ ತರಗತಿಯವರೆಗೆ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಅಪ್ಪ ಒಂದು ಸಣ್ಣ ಮೆಸ್ ನಡೆಸುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಅಲ್ಲಿನ ಒಲೆ ನನಗೆ ಬಂತು, ಆಗಿನ್ನೂ ಅಂಬೆಗಾಲಿಡುತ್ತಿದ್ದ ತಂಗಿಯೂ ಬಂದಳು. ಮದುವೆಯಾಗಿ ನೈರೋಬಿಗೆ ಬಂದೆ. ಗಂಡ ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಾರೆ. ಅಪ್ಪ ಹೋದ ಮೇಲೆ ತಂಗಿಯನ್ನೂ ಇಲ್ಲಿಗೇ ಕರೆಸಿಕೊಂಡೆವು. ಅವಳು ಇಲ್ಲೇ ಹೈಸ್ಕೂಲು ಓದಿ, ಇಲ್ಲಿನ ಇಂಗ್ಲಿಷು, ಇಲ್ಲಿನ ಸ್ವಾಹಿಲಿ ಕಲಿತು ಬೆಳೆದಳು. ನಾನು ಸೌತ್ ಬಿ ಬಡಾವಣೆಯ ನಮ್ಮ ಫ್ಲಾಟಿನಿಂದ, ಇಲ್ಲಿ ಒಂಟಿಯಾಗಿರುವ ನಮ್ಮ ಕಡೆಯ ಹುಡುಗರಿಗೆ ಡಬ್ಬಿ ಕಟ್ಟಿ ಕಳಿಸುತ್ತೇನೆ. ಸಾರು, ಪಲ್ಯ, ಅನ್ನ, ಭಾನುವಾರ ಬಿಸಿಬೇಳೆ ಬಾತ್. ನನಗೆ ಬರುವುದು ಇಷ್ಟೇ.

ಆ ವರ್ಷ ಕ್ಯಾಂಪಿಗೆ ಬರುವವರಲ್ಲಿ ಮಾಂಸ ತಿನ್ನದವರು ಹೆಚ್ಚಿದ್ದರಂತೆ. ಅಲ್ಲಿನ ದೊಡ್ಡ ಅಡುಗೆಯವರಿಗೆ ಜೊತೆಗೊಬ್ಬರು ಬೇಕಿತ್ತು. ತಂಗಿಯೇ ನನ್ನ ಹೆಸರು ಹೇಳಿದಳು. ಮನೆಗೆ ಬಂದು ವಿಷಯ ತಿಳಿಸಿದಾಗ ಗಂಡ ನಕ್ಕರು. "ಏನು, ಮರಳುಗಾಡಲ್ಲಿ ಹೋಗಿ ಹುರುಳಿಕಾಯಿ ಪಲ್ಯ ಮಾಡ್ತೀಯಾ? ಅಲ್ಲಿ ಒಂಟೆ ಬಿಟ್ರೆ ಏನೂ ಸಿಗಲ್ಲ."

"ಭಾವ, ತರಕಾರಿ ಇಲ್ಲಿಂದಲೇ ಲಾರಿಲಿ ಹೋಗುತ್ತೆ," ಎಂದಳು ತಂಗಿ. "ಅಕ್ಕ ಬಂದ್ರೆ ನಂಗೂ ಊಟದ ಚಿಂತೆ ಇರಲ್ಲ."

ನನಗೆ ಒಳಗೊಳಗೇ ಹಿಗ್ಗು. ನೈರೋಬಿ ಬಿಟ್ಟರೆ ಒಂದು ಸಲ ಮೊಂಬಾಸಾ ನೋಡಿದ್ದೆ, ಅಷ್ಟೆ. ಜೊತೆಗೆ, ಅವಳು ದಿನವೂ ಎಲ್ಲಿಗೆ ಹೋಗಿ ಏನು ಮಾಡುತ್ತಾಳೆ ಎನ್ನುವುದು ನನಗೆ ಯಾವತ್ತೂ ಸರಿಯಾಗಿ ಅರ್ಥವಾಗಿರಲಿಲ್ಲ. ಬೆಳಿಗ್ಗೆ ಮಟಾಟು ವ್ಯಾನು ಹತ್ತುವವರೆಗೆ ನನ್ನ ತಂಗಿ. ಆಮೇಲಿನದು ಬೇರೆ ಲೋಕ. ಅದನ್ನು ಒಮ್ಮೆ ಒಳಗಿನಿಂದ ನೋಡಬೇಕೆಂದಿತ್ತು.

ಎರಡು ದಿನದ ಪ್ರಯಾಣ. ಕಿಟಾಲೆಯವರೆಗೆ ಹಸಿರು, ಜೋಳದ ಹೊಲ, ತಣ್ಣನೆ ಗಾಳಿ. ಅಲ್ಲಿಂದ ಬೆಟ್ಟ ಇಳಿಯುತ್ತ ಇಳಿಯುತ್ತ ಲಾರಿಯೊಳಗೆ ಒಲೆಯ ಬಾಯಿ ತೆರೆದ ಹಾಗೆ ಸೆಕೆ. ಹುಡುಗ ಹುಡುಗಿಯರು ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ತುರ್ಕಾನಾ ಕಡೆಯ ನೆಲ ನಾನು ಅಂದುಕೊಂಡಂತೆ ಬರೀ ಮರಳಲ್ಲ. ಕಪ್ಪು ಕಲ್ಲು, ಜಾಲಿ ಮುಳ್ಳು, ಒಣಗಿದ ಹೊಳೆಯ ಪಾತ್ರ, ಅದರ ದಡದಲ್ಲಿ ಕವಲೊಡೆದ ತಾಳೆ ಮರಗಳು. ಆ ದಡದಲ್ಲೇ ಡೇರೆ ಹಾಕಿದರು.

ಇಳಿದ ಕೂಡಲೇ ಎಲ್ಲರೂ ಸುತ್ತ ನಿಂತು ಒಬ್ಬರಿಗೊಬ್ಬರು ಪರಿಚಯ ಹೇಳಿಕೊಂಡರು. ನನ್ನ ಸರದಿ ಬಂದಾಗ ನಾನು ಬಾಯಿ ತೆರೆಯುವ ಮುಂಚೆ ತಂಗಿ ಇಂಗ್ಲಿಷಿನಲ್ಲಿ ಹೇಳಿದಳು, ಇವರು ನಮ್ಮ ಕಮ್ಯುನಿಟಿಯ ಆಂಟಿ, ತುಂಬ ಚೆನ್ನಾಗಿ ಅಡುಗೆ ಮಾಡುತ್ತಾರೆ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಕೈ ಮುಗಿದೆ.

ಅಡುಗೆ ಡೇರೆಯಲ್ಲಿ ಅವಳೊಬ್ಬಳೇ ಸಿಕ್ಕಾಗ ಕೇಳಿದೆ. "ಏನೇ ಅದು? ಯಾವ ಆಂಟಿ?"

"ಅಕ್ಕ, ಪ್ಲೀಸ್, ಸೀನ್ ಮಾಡ್ಬೇಡ. ನೀನು ನನ್ನ ಸ್ವಂತ ಅಕ್ಕ ಅಂತ ಗೊತ್ತಾದ್ರೆ ಎಲ್ಲ ಫೇವರ್ ಅಂತಾರೆ. ನನಗೆ ಸಪರೇಟಾಗಿ ತುಪ್ಪ ಬಡಿಸ್ತೀಯ ಅಂತ ಶುರು ಮಾಡ್ತಾರೆ."

"ಬಡಿಸೇ ಬಡಿಸ್ತೀನಿ."

"ಅದಕ್ಕೇ ಹೇಳಿದ್ದು," ಎಂದು ನಕ್ಕು ಓಡಿದಳು.

ನಾನೂ ನಕ್ಕೆ. ಆದರೆ ಅವಳು ಹೇಳಿದ ಕಾರಣ ನನಗೆ ಪೂರ್ತಿ ನಂಬಿಕೆಯಾಗಲಿಲ್ಲ. ನನ್ನ ನೈಟಿಯ ಮೇಲಿನ ಟವೆಲ್ಲು, ನನ್ನ ಮುರುಕು ಇಂಗ್ಲಿಷು, ಇವೆರಡರ ಪಕ್ಕ ನಿಂತು "ಇವಳು ನನ್ನ ಅಕ್ಕ" ಎನ್ನುವುದು ಅವಳಿಗೆ ಕಷ್ಟವಾಯಿತು ಎಂದು ಮನಸ್ಸು ಹೇಳಿತು. ಅದು ನಿಜವೋ ಸುಳ್ಳೋ ಇವತ್ತಿಗೂ ತಿಳಿಯದು. ನಾನು ಅದನ್ನು ನಿಜವೆಂದೇ ಇಟ್ಟುಕೊಂಡೆ.

ಆ ಕ್ಯಾಂಪಿನ ದಿನಗಳು ಚೆನ್ನಾಗಿದ್ದವು, ಅದನ್ನೂ ಹೇಳಬೇಕು. ಬೆಳಕು ಹರಿಯುವ ಮೊದಲೇ ಚಹಾ ಕುಡಿದು ಹುಡುಗರು ಅಗೆಯುವ ಜಾಗಕ್ಕೆ ಹೊರಡುತ್ತಿದ್ದರು. ಬೂಟು ಹಾಕಿಕೊಳ್ಳುವ ಮೊದಲು ತಲೆಕೆಳಗು ಮಾಡಿ ಚೇಳಿಗಾಗಿ ಕೊಡವುತ್ತಿದ್ದರು. ಬಿಸಿಲು ನೆತ್ತಿಗೇರುವಷ್ಟರಲ್ಲಿ ಧೂಳು ಮುಕ್ಕಿ, ಮೂಗು ಸುಲಿದು ವಾಪಸ್ಸು. ನೀರು ಜೆರಿಕ್ಯಾನಿನಲ್ಲಿ ಬರುತ್ತಿತ್ತು. ಸ್ನಾನಕ್ಕೆ ಒಬ್ಬರಿಗೆ ಅರ್ಧ ಬಕೆಟ್ಟು. ಫೋನ್ ಚಾರ್ಜು ಮಾಡುವ ಸೋಲಾರ್ ಪ್ಲೇಟಿನ ಮುಂದೆ ದಿನಾ ಜಗಳ. ಮೊದಲ ದಿನ ನಾನು ಚಿತ್ರಾನ್ನ ಮಾಡಿದಾಗ ದೊಡ್ಡ ಅಡುಗೆಯವರು, ಕಾಕಮೇಗಾ ಕಡೆಯ ವಯಸ್ಸಾದ ಮನುಷ್ಯ, ಸೌಟಿನ ತುದಿಯಿಂದ ರುಚಿ ನೋಡಿ, "ಇದು ಅನ್ನಕ್ಕೆ ಕಾಮಾಲೆ ಬಂದ ಹಾಗಿದೆ," ಎಂದು ಸ್ವಾಹಿಲಿಯಲ್ಲಿ ತಮಾಷೆ ಮಾಡಿದರು. ಪಾತ್ರೆ ಖಾಲಿಯಾದ ಮೇಲೆ ಅವರೇ ತಳ ಕೆರೆದರು. ಆಮೇಲೆ ಉಗಾಲಿ ಮುದ್ದೆ, ಸುಕುಮಾ ಸೊಪ್ಪಿನ ದಿನ ಬಂದರೆ ಹುಡುಗರು "ಹಳದಿ ಅನ್ನ ಎಲ್ಲಿ?" ಎಂದು ಗಲಾಟೆ ಮಾಡುವ ಮಟ್ಟಕ್ಕೆ ಬಂತು. ತಂಗಿ ಯಾವಾಗಲೋ ಮರೆತು ಅಕ್ಕ ಎಂದು ಕೂಗಿದ್ದನ್ನು ಕೇಳಿ, ಅದೇ ನನ್ನ ಹೆಸರೆಂದುಕೊಂಡು ಎಲ್ಲರೂ ಅಕ್ಕ, ಅಕ್ಕ ಎನ್ನತೊಡಗಿದರು. ಪ್ರೊಫೆಸರ್ ಕೂಡ. ಅವರು ಮೇರು ಕಡೆಯ, ಎತ್ತರದ, ಮಾತು ಕಡಿಮೆಯ ಹೆಂಗಸು. ನಾನು ಬಡಿಸುವಾಗ "ಅಸಾಂಟೆ, ಅಕ್ಕ" ಎಂದು ಧನ್ಯವಾದ ಹೇಳುತ್ತಿದ್ದರು. ಅಷ್ಟು ಓದಿದವರು ನನ್ನನ್ನು ಹಾಗೆ ಕರೆದರೆ ನನಗೆ ಎರಡು ಚಪಾತಿ ಹೆಚ್ಚಿಗೆ ಲಟ್ಟಿಸುವ ಶಕ್ತಿ ಬರುತ್ತಿತ್ತು.

ಮಧ್ಯಾಹ್ನದ ಕೆಲಸ ತಾಳೆಗರಿ ಹೊದಿಸಿದ ಶೆಡ್ಡಿನಲ್ಲಿ. ಬೆಳಿಗ್ಗೆ ಸಿಕ್ಕ ಚೂರುಗಳನ್ನು ಬೋಗುಣಿಯಲ್ಲಿ ಅದ್ದಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಜಾಲರಿಯ ತಟ್ಟೆಗಳಲ್ಲಿ ಶೆಡ್ಡಿನ ಮುಂದೆ ಬಿಸಿಲಿಗಿಡುತ್ತಿದ್ದರು. ಮಡಕೆ ಚೂರು, ಮೀನಿನ ಮೂಳೆ, ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನಲ್ಲಿ ಮಾಡಿದ ಪುಟ್ಟ ಮಣಿಗಳು. ಒಂದೊಂದು ತಟ್ಟೆಗೂ ಒಂದು ಚೀಟಿ, ಅದರ ಮೇಲೊಂದು ಕಲ್ಲು. ಯಾವ ಗುಂಡಿ, ಯಾವ ಪದರ ಎಂದು ಆ ಚೀಟಿಯಲ್ಲಿ ಬರೆದಿರುತ್ತಿತ್ತು. ನಾನು ಮೊದಮೊದಲು ಆ ತಟ್ಟೆಗಳ ಹತ್ತಿರ ಸುಳಿಯುತ್ತಿರಲಿಲ್ಲ. ಮೀನಿನ ಮೂಳೆ ಮುಟ್ಟಿ ಬಂದು ಅಡುಗೆ ಮಾಡುವುದು ಹೇಗೆ?

"ಸಾವಿರಾರು ವರ್ಷ ಆಗಿದೆ ಅಕ್ಕ ಆ ಮೀನು ಸತ್ತು," ಎಂದು ತಂಗಿ ರೇಗಿಸಿದಳು. "ಇನ್ನೂ ಮೈಲಿಗೆನಾ ಅದಕ್ಕೆ?"

ಆ ಶೆಡ್ಡಿಗೆ ದಿನಕ್ಕೊಬ್ಬರ ಕಾವಲು. ಕ್ಯಾಂಪಿನ ಮೊದಲ ಸಂಜೆಯೇ ಪ್ರೊಫೆಸರ್ ಹೇಳಿದ್ದರು, ಕಾವಲಿನವರು ತಟ್ಟೆಗಳನ್ನು ಬಿಟ್ಟು ಎಲ್ಲಿಗೂ ಹೋಗಬಾರದು ಎಂದು. ನಿಯಮ ಅಂತ ಇದ್ದದ್ದು ಅದೊಂದೇ.

ತಪ್ಪುಗಳಿಗೆ ಅಲ್ಲೊಂದು ಪದ್ಧತಿಯಿತ್ತು. ಯಾರಾದರೂ ಏನಾದರೂ ಎಡವಟ್ಟು ಮಾಡಿದರೆ ಅವತ್ತಿನ ಸಂಜೆ ಊಟಕ್ಕೆ ಕೂತಾಗ ಅವರೇ ಎದ್ದು ನಿಂತು ಹೇಳಬೇಕು. ಹೇಳಿ ಮುಗಿಸಿದ ಕೂಡಲೇ ಎಲ್ಲರೂ ಚಮಚದಿಂದ ತಟ್ಟೆ ಬಡಿಯುತ್ತಿದ್ದರು, ಕಿವಿ ಕಿತ್ತುಹೋಗುವ ಹಾಗೆ. ಹೇಳಿದವರು ಅವತ್ತಿನ ಪಾತ್ರೆ ತೊಳೆಯಬೇಕು. ಅಲ್ಲಿಗೆ ಮುಗಿಯಿತು, ಮರುದಿನ ಅದರ ಮಾತೆತ್ತುವಂತಿಲ್ಲ. ಒಬ್ಬ ಹುಡುಗ ಅಗೆದ ಗುಂಡಿಯ ಅಂಚು ಮುರಿದು ಬೀಳಿಸಿದ್ದ. ತಂಗಿಯ ಡೇರೆಯಲ್ಲೇ ಮಲಗುತ್ತಿದ್ದ ಕಿಸುಮು ಕಡೆಯ ಹುಡುಗಿ ಒಂದಿಡೀ ಜೆರಿಕ್ಯಾನು ಕುಡಿಯುವ ನೀರು ಚೆಲ್ಲಿದ್ದಳು. ಅವಳು ಎದ್ದು ನಿಂತಾಗ ಪ್ರೊಫೆಸರ್ ಎಲ್ಲರಿಗಿಂತ ಜೋರಾಗಿ ತಟ್ಟೆ ಬಡಿದರು. ಅವತ್ತು ಪಾತ್ರೆ ತೊಳೆಯಲು ನನ್ನ ಪಕ್ಕ ಬಂದು ನಿಂತ ಆ ಹುಡುಗಿ, "ಅಕ್ಕ, ನಾಳೆಯೂ ಏನಾದರೂ ಚೆಲ್ಲುತ್ತೇನೆ, ನಿನ್ನ ಕಥೆ ಕೇಳಬಹುದು," ಎಂದು ನಕ್ಕಿದ್ದಳು.

ಇಷ್ಟು ಸುಲಭ ಇತ್ತು ಅಲ್ಲಿ, ತಪ್ಪು ಒಪ್ಪಿಕೊಳ್ಳುವುದು.

ಕ್ಯಾಂಪು ಮುಗಿಯುತ್ತಾ ಬಂದಿತ್ತು. ಆ ದಿನ ಶೆಡ್ಡಿನ ಕಾವಲು ತಂಗಿಯದು. ಹಿಂದಿನ ದಿನದಿಂದಲೇ ಅವಳಿಗೆ ತಲೆನೋವು, ಬಿಸಿಲು ಹೊಡೆದಿತ್ತು. ಮಧ್ಯಾಹ್ನ ಊಟ ಕೊಡಲು ಶೆಡ್ಡಿಗೆ ಹೋದರೆ ಬೆಂಚಿನ ಮೇಲೆ ಹಣೆ ಹಚ್ಚಿ ಕೂತಿದ್ದಳು. ಮುಟ್ಟಿ ನೋಡಿದೆ. ಮೈ ಬಿಸಿಯಾಗಿತ್ತು. ಉಳಿದವರಲ್ಲಿ ಅರ್ಧ ಜನ ಮರಳಿನಲ್ಲಿ ಹೂತ ಜೀಪು ಎಳೆಯಲು ಪ್ರೊಫೆಸರ್ ಜೊತೆ ಹೋಗಿದ್ದರು. ಇನ್ನರ್ಧ ಜನ ಡೇರೆಗಳಲ್ಲಿ ಮಲಗಿದ್ದರು.

"ಎದ್ದು ಹೋಗಿ ಸ್ವಲ್ಪ ಮಲ್ಕೋ. ನಾನು ಕೂತಿರ್ತೀನಿ ಇಲ್ಲಿ."

"ಬೇಡ ಅಕ್ಕ. ಬಿಟ್ಟು ಹೋಗೋ ಹಾಗಿಲ್ಲ."

"ಯಾರು ಎತ್ಕೊಂಡು ಹೋಗ್ತಾರೆ ಈ ಕಲ್ಲು ಮುಳ್ಳನ್ನ? ನಾನಿಲ್ವಾ? ಹೋಗು, ಹೇಳಿದ್ದು ಕೇಳು."

ಚಿಕ್ಕಂದಿನಲ್ಲಿ ಜ್ವರ ಬಂದಾಗ ಹೇಳುತ್ತಿದ್ದ ದನಿಯಲ್ಲೇ ಹೇಳಿದೆ. ಅವಳು ಆ ದನಿಗೆ ಯಾವತ್ತೂ ಎದುರಾಡಿದವಳಲ್ಲ. "ನೋಡ್ಕೋ ಹಾಗಾದ್ರೆ. ಏನಾದ್ರೂ ಆದ್ರೆ ಎಬ್ಬಿಸು," ಎಂದು ಹೋದಳು.

ಸ್ವಲ್ಪ ಹೊತ್ತಿನಲ್ಲೇ ತುರ್ಕಾನಾ ಸರೋವರದ ದಿಕ್ಕಿನಿಂದ ಗಾಳಿ ಎದ್ದಿತು. ದಿನವೂ ಬೀಸುತ್ತಿದ್ದ ಗಾಳಿಯಲ್ಲ. ದೂರದಲ್ಲಿ ಕಂದು ಬಣ್ಣದ ಗೋಡೆ ನಡೆದು ಬರುತ್ತಿರುವಂತೆ ಧೂಳು, ಅದರ ಹಿಂದೆ ಮೋಡ. ಒಂದೆರಡು ದಪ್ಪ ಹನಿ ಬಿದ್ದವು. ಅಂಚಿನ ತಟ್ಟೆಯ ಚೀಟಿ ಕಲ್ಲಿನಡಿಯಿಂದ ಕಿತ್ತುಕೊಂಡು ಹಾರಿತು. ಓಡಿಹೋಗಿ ಹಿಡಿದೆ. ಅಷ್ಟರಲ್ಲಿ ಇನ್ನೊಂದು ತಟ್ಟೆ ಮಗುಚಲು ನೋಡಿತು.

ನನ್ನ ತಲೆಗೆ ಬಂದದ್ದು ಒಂದೇ. ಮೆಸ್ಸಿನ ತಾರಸಿಯ ಮೇಲೆ ಸಂಡಿಗೆ ಒಣಹಾಕಿದಾಗ ಮಳೆ ಬಂದರೆ ಏನು ಮಾಡುತ್ತಿದ್ದೆನೋ ಅದು. ಯೋಚಿಸಲು ಹೊತ್ತಿಲ್ಲ, ಅಕ್ಕಿ ಸಂಡಿಗೆಯೋ ಅವಲಕ್ಕಿ ಸಂಡಿಗೆಯೋ ನೋಡುವುದಿಲ್ಲ, ನೆನೆಯುವ ಮೊದಲು ಬಾಚಿ ಒಳಗೆ ತರಬೇಕು. ತೊಳೆಯುವ ಬೋಗುಣಿಯ ನೀರು ಚೆಲ್ಲಿ, ಒಂದಾದ ಮೇಲೊಂದು ತಟ್ಟೆಯನ್ನು ಅದಕ್ಕೆ ಸುರಿದೆ. ಕೆಳಗೆ ಚೆಲ್ಲಿದ್ದನ್ನು ಮಂಡಿಯೂರಿ ಆರಿಸಿದೆ. ಮೀನಿನ ಮೂಳೆಗಳನ್ನೂ ಬರಿಗೈಯಲ್ಲಿ ಬಾಚಿದೆ, ಮೈಲಿಗೆ ನೆನಪಾಗಲಿಲ್ಲ. ಚೀಟಿಗಳನ್ನೆಲ್ಲ ಜೋಡಿಸಿ ಮಡಚಿ ಬೋಗುಣಿಯ ಅಡಿಗೆ ಇಟ್ಟೆ. ಮೇಲೊಂದು ತಟ್ಟೆ ಮುಚ್ಚಿ, ಅದರ ಮೇಲೆ ಭಾರದ ಕಲ್ಲು ಹೇರಿದೆ.

ಧೂಳು ಹಾದುಹೋಯಿತು. ಮಳೆ ಬರಲೇ ಇಲ್ಲ. ಒಂದು ಚೂರೂ ಕಳೆದುಹೋಗಿಲ್ಲವೆಂದು ನನಗೆ ಖಾತ್ರಿಯಿತ್ತು. ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ತಂಗಿಗೆ ಹೇಳಬೇಕೆಂದು ಡೇರೆಗೆ ಹೋದೆ. ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಅಡುಗೆ ಡೇರೆಯ ಹಗ್ಗ ಕಿತ್ತುಬಂದಿತ್ತು. ಅದನ್ನು ಕಟ್ಟಲು ಹೋದೆ.

ಆಗ ಶೆಡ್ಡಿನಿಂದ ಕಿಸುಮುವಿನ ಹುಡುಗಿಯ ಕೂಗು ಕೇಳಿಸಿತು. "ಅಯ್ಯೋ ದೇವರೇ, ಇಲ್ಲ, ಇಲ್ಲ!" ಎಂದು ಇಂಗ್ಲಿಷಿನಲ್ಲಿ. ಹಾವು ಬಂತೇನೋ ಎಂದುಕೊಂಡು ಓಡಿದೆ. ಅವಳು ಬೋಗುಣಿಯ ಮುಂದೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು. ಜೀಪಿನಿಂದ ಇಳಿದ ಇತರರೂ ಸೇರಿದರು. ಯಾರೋ ಹೇಳಿದರು, ಮೂರು ಗುಂಡಿಗಳದ್ದು ಒಂದಾಗಿಹೋಗಿದೆ, ಇನ್ನು ಯಾವುದು ಎಲ್ಲಿಯದು ಎಂದು ಯಾರೂ ಹೇಳಲಾರರು ಎಂದು. ಪ್ರೊಫೆಸರ್ ಬಂದು ತಟ್ಟೆ ಎತ್ತಿ ನೋಡಿದರು. ಒಂದು ಮಣಿಯನ್ನು ಬೆರಳಲ್ಲಿ ಹಿಡಿದು, ಮತ್ತೆ ಅಲ್ಲೇ ಹಾಕಿದರು. ಕಸದೊಳಗೆ ಹಾಕುವ ಹಾಗೆ ಹಾಕಿದರು. ಆಗ ನನಗೆ ಗೊತ್ತಾಯಿತು. ಚೂರುಗಳು ಅವರಿಗೆ ಬೇಕಿದ್ದದ್ದು ಚೂರುಗಳಿಗಾಗಿ ಅಲ್ಲ. ಯಾವುದರ ಕೆಳಗೆ ಯಾವುದು, ಯಾವುದರ ಜೊತೆ ಯಾವುದು ಎನ್ನುವುದೇ ಅವರ ಓದು. ನಾನು ಒಂದನ್ನೂ ಕಳೆಯದೆ ಎಲ್ಲವನ್ನೂ ಕಳೆದಿದ್ದೆ.

ಅಲ್ಲೇ ಹೇಳಬಹುದಿತ್ತು. ಹಿಂದೆ ಹಿಂದೆ ಸರಿದು ಅಡುಗೆ ಡೇರೆಗೆ ಬಂದೆ.

ಸ್ವಲ್ಪ ಹೊತ್ತಿಗೆ ಪ್ರೊಫೆಸರ್ ಅಲ್ಲಿಗೂ ಬಂದರು. ಸ್ವಾಹಿಲಿಯಲ್ಲಿ, ಸಮಾಧಾನವಾಗಿಯೇ ಕೇಳಿದರು. "ಗಾಳಿ ಬಂದಾಗ ಶೆಡ್ಡಿನ ಹತ್ತಿರ ಯಾರಾದರೂ ಇದ್ದದ್ದು ನೋಡಿದಿರಾ?" ದೊಡ್ಡ ಅಡುಗೆಯವರು ತಾವು ಮಲಗಿದ್ದೆ ಎಂದರು. ಪ್ರೊಫೆಸರ್ ನನ್ನ ಕಡೆ ತಿರುಗಿದರು. ನಾನು ಈರುಳ್ಳಿ ಹೆಚ್ಚುತ್ತಿದ್ದೆ.

"ಸಿಜುಯಿ," ಎಂದೆ. ಗೊತ್ತಿಲ್ಲ.

ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ನೋಡಿ ನನಗೇ ಆಶ್ಚರ್ಯವಾಯಿತು. ಇಂಗ್ಲಿಷು ಬರುವುದಿಲ್ಲ, ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳಲೂ ಆಗದಂತೆ, ನನಗೆ ಚೆನ್ನಾಗಿ ತಿಳಿಯುವ ಭಾಷೆಯಲ್ಲೇ ಕೇಳಿದ್ದರು.

ಸಂಜೆ ಊಟಕ್ಕೆ ಕೂತಾಗ ತಂಗಿ ಎದ್ದು ನಿಂತಳು. ಮುಖ ಬಾಡಿತ್ತು. "ಇವತ್ತಿನ ಕಾವಲು ನನ್ನದು. ನಾನು ಶೆಡ್ಡು ಬಿಟ್ಟು ಹೋಗಿ ಮಲಗಿದ್ದೆ," ಎಂದಳು. ಅಷ್ಟೇ ಹೇಳಿದಳು. ಯಾರನ್ನು ಕೂರಿಸಿ ಹೋಗಿದ್ದೆ ಎಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ತಟ್ಟೆ ನೋಡುತ್ತ ನಿಂತಿದ್ದಳು.

"ತಟ್ಟೆಗಳನ್ನು ಬೋಗುಣಿಗೆ ಸುರಿದವರು ಯಾರು?" ಎಂದು ಪ್ರೊಫೆಸರ್ ಎಲ್ಲರನ್ನೂ ಕೇಳಿದರು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಸ್ವಾಹಿಲಿಯಲ್ಲಿ. ನಾನು ಸಾರಿನ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿದ್ದೆ. ಪ್ರೊಫೆಸರ್ ಕಾದರು. ತಂಗಿಯೂ ನಿಂತೇ ಇದ್ದಳು, ಕೂರಲಿಲ್ಲ. ಅವಳು ಯಾಕೆ ಕೂರುತ್ತಿಲ್ಲವೆಂದು ನನಗೆ ಅರ್ಥವಾಗಿತ್ತು.

ಅವತ್ತು ಯಾರೂ ತಟ್ಟೆ ಬಡಿಯಲಿಲ್ಲ.

ನನಗೆ ಭಯವಿತ್ತು, ಅದು ನಿಜ. ಅಷ್ಟು ದಿನ "ಅಸಾಂಟೆ, ಅಕ್ಕ" ಎಂದವರ ಮುಂದೆ ಏನೂ ತಿಳಿಯದ ಹೆಂಗಸಾಗಿ ನಿಲ್ಲುವ ಭಯ. ಆದರೆ ಭಯವೊಂದೇ ಎಂದು ಬರೆದರೆ ಇದನ್ನು ಬರೆದು ಪ್ರಯೋಜನವಿಲ್ಲ. ಅವಳು ಒಂಟಿಯಾಗಿ ನಿಂತಿದ್ದಾಗ ನನ್ನೊಳಗೆ ಒಂದು ಸಣ್ಣ ಮಾತು ಎದ್ದಿತ್ತು. ನಾನು ಯಾರೋ ಆಂಟಿ ಅಲ್ಲವಾ, ಆಂಟಿ ಯಾಕೆ ನಿನಗಾಗಿ ಎದ್ದು ನಿಲ್ಲಬೇಕು? ಒಂದು ಕ್ಷಣ ಅದು ಹಿತವಾಗಿತ್ತು. ಎತ್ತಿ ಆಡಿಸಿದ ಮಗುವಿನ ಮೇಲೆ ಹಾಗೆ ಹಗೆ ಸಾಧಿಸುವವಳು ನನ್ನೊಳಗೆ ಇದ್ದಾಳೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಪಾತ್ರೆ ತೊಳೆಯಲು ತಂಗಿ ಬಂದಳು. ಇಬ್ಬರೂ ಪಕ್ಕಪಕ್ಕ ನಿಂತು ತೊಳೆದೆವು. "ತಲೆನೋವು ಹೇಗಿದೆ?" ಎಂದೆ. "ಪರವಾಗಿಲ್ಲ," ಎಂದಳು. ಅವಳು ಕೊನೆಯ ತಟ್ಟೆಯನ್ನು ತುಂಬ ಹೊತ್ತು ಉಜ್ಜಿದಳು. ಆಮೇಲೆ ಒರೆಸಿಟ್ಟು ಹೋದಳು.

ನೈರೋಬಿಗೆ ವಾಪಸ್ಸು ಬಂದು ಕೆಲವು ವಾರಕ್ಕೆ ಆ ಜಾಗ ಕಿಸುಮುವಿನ ಹುಡುಗಿಗೆ ಎಂದು ಗೊತ್ತಾಯಿತು. ಪ್ರೊಫೆಸರ್ ತಂಗಿಯನ್ನು ಕರೆಸಿ ತಾವೇ ಹೇಳಿದರಂತೆ, ಕೆಲಸದಲ್ಲಿ ನೀನೇ ಮುಂದಿದ್ದೆ, ಆದರೆ ಕಾವಲು ಬಿಟ್ಟು ಹೋಗುವವರ ಕೈಗೆ ನಾನು ಲ್ಯಾಬಿನ ಚೂರುಗಳ ಪೆಟ್ಟಿಗೆಗಳನ್ನು ಕೊಡಲಾರೆ ಎಂದು. ತಂಗಿ ಇದನ್ನು ನಮಗೆ ಸೋಫಾದ ಮೇಲೆ ಕೂತು, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು.

"ಹೋಗ್ಲಿ ಬಿಡು," ಎಂದರು ನನ್ನ ಗಂಡ. "ನಿದ್ದೆ ಬಂದ್ರೆ ಯಾರೇನ್ ಮಾಡೋಕಾಗುತ್ತೆ? ಆದ್ರೂ ಒಂದಿನ ತಡ್ಕೋಬಹುದಿತ್ತು ನೀನು."

"ಹೌದು ಭಾವ," ಎಂದಳು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಗಂಡ ಕಾರ್ಖಾನೆಯಲ್ಲಿ ಹೇಳಿ ಅವಳಿಗೆ ಸ್ಟೋರ್ ಸೆಕ್ಷನ್ನಿನಲ್ಲಿ ಕೆಲಸ ಕೊಡಿಸಿದರು. ಈಗ ಬೆಳಿಗ್ಗೆ ಭಾವನ ಜೊತೆಗೇ ಹೋಗುತ್ತಾಳೆ, ಬಕೆಟ್ಟು ಮಗ್ಗುಗಳ ಡಬ್ಬಗಳಿಗೆ ಲೇಬಲ್ ಸರಿಯಿದೆಯೇ ನೋಡುತ್ತಾಳೆ. ಸಂಜೆ ಬಂದು ಟೀ ಕುಡಿಯುತ್ತಾಳೆ. ಅವಳ ಮಂಚದ ಕೆಳಗೆ ಆ ಓದಿನ ಪುಸ್ತಕಗಳು ರಟ್ಟಿನ ಪೆಟ್ಟಿಗೆಯಲ್ಲಿವೆ. ಕಸ ಗುಡಿಸುವಾಗ ಪೊರಕೆ ಅದಕ್ಕೆ ತಾಗುತ್ತದೆ.

ನನಗೆ ನಾನೇ ಸಮಾಧಾನ ಹೇಳಿಕೊಳ್ಳಲು ನೋಡಿದೆ. ಹೇಗಿದ್ದರೂ ಶೆಡ್ಡು ಬಿಟ್ಟದ್ದು ಅವಳೇ ತಾನೇ? ಬಿಡಿಸಿದ್ದು ಯಾರು ಎನ್ನುವ ಜಾಗಕ್ಕೆ ಬಂದು ಆ ಸಮಾಧಾನ ನಿಂತುಹೋಗುತ್ತಿತ್ತು. ಅವಳಿಗೆ ಜ್ವರವಿತ್ತು, ನಾನೇ ಬಲವಂತವಾಗಿ ಕಳಿಸಿದೆ, ಸುರಿದವಳು ನಾನು ಎಂದು ಆ ಸಂಜೆ ಹೇಳಿದ್ದರೆ ತಟ್ಟೆ ಬಡಿದು ಮುಗಿಯುತ್ತಿತ್ತು.

ಕೊನೆಗೊಂದು ದಿನ ಹೇಳಿಯೇ ಬಿಡುವುದೆಂದು ಹೊರಟೆ. ಲ್ಯಾಬು ರಿವರ್‌ಸೈಡ್ ಕಡೆ, ದೂತಾವಾಸಗಳ ಎತ್ತರದ ಗೋಡೆಗಳ ಮಧ್ಯೆ ಒಂದು ಹಳೆಯ ಬಂಗಲೆಯಲ್ಲಿತ್ತು. ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಒಂದು ದೊಡ್ಡ ಡಬ್ಬಿ ಚಿತ್ರಾನ್ನ ಮಾಡಿಕೊಂಡೆ. ಎರಡು ಮಟಾಟು ಬದಲಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೇಳಬೇಕಾದ ಸ್ವಾಹಿಲಿ ಮಾತುಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ.

ಬಾಗಿಲು ತೆರೆದದ್ದು ಕಿಸುಮುವಿನ ಹುಡುಗಿ. "ಅಕ್ಕಾ!" ಎಂದು ಅಪ್ಪಿಕೊಂಡಳು. ಡಬ್ಬಿಯ ವಾಸನೆಗೆ ಒಳಗಿದ್ದವರೆಲ್ಲ ಎದ್ದು ಬಂದರು. ಪ್ರೊಫೆಸರ್ ತಮ್ಮ ಕೋಣೆಯಿಂದ ಬಂದು ನಗುತ್ತ ನನ್ನ ಎರಡೂ ಕೈ ಹಿಡಿದುಕೊಂಡರು. ಮೇಜಿನ ಮೇಲಿನ ಮೂಳೆಗಳನ್ನು ಸರಿಸಿ ತಟ್ಟೆ ಹಾಕಿದರು. ಎಲ್ಲರೂ ತಿಂದರು. ಬೆರಳು ನೆಕ್ಕಿದರು. ಈ ಸಲದ ಕ್ಯಾಂಪಿಗೂ ನೀನು ಬರಲೇಬೇಕು ಎಂದರು ಪ್ರೊಫೆಸರ್. ಆಮೇಲೆ ದನಿ ತಗ್ಗಿಸಿ, "ನಿಮ್ಮ ಕಡೆಯ ಆ ಹುಡುಗಿ ಹೇಗಿದ್ದಾಳೆ?" ಎಂದು ಕೇಳಿದರು.

"ಚೆನ್ನಾಗಿದ್ದಾಳೆ," ಎಂದೆ.

"ಒಳ್ಳೆಯ ಹುಡುಗಿ. ಪೋಲೆ ಸಾನ," ಎಂದರು. ತುಂಬ ಬೇಸರವಾಯಿತು ಎನ್ನುವ ಅರ್ಥದಲ್ಲಿ.

ಇದಕ್ಕಿಂತ ದೊಡ್ಡ ಬಾಗಿಲು ಇನ್ಯಾರು ತೆಗೆದುಕೊಡಬೇಕು? ನಾನು ಡಬ್ಬಿಯ ಮುಚ್ಚಳ ಹುಡುಕಿದೆ. ಕಟ್ಟಿಕೊಂಡು ಎದ್ದೆ. ಆ ಹುಡುಗಿ ಗೇಟಿನವರೆಗೆ ಬಂದು ಕೈ ಬೀಸಿದಳು.

ಸಂಜೆ ತಂಗಿ ಕೆಲಸದಿಂದ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು. "ಲ್ಯಾಬ್‌ಗೆ ಹೋಗಿದ್ಯಂತೆ. ಮೆಸೇಜ್ ಬಂತು, ಫೋಟೋನೂ ಬಂತು."

"ಹೂಂ. ಆ ಕಡೆ ಸ್ವಲ್ಪ ಕೆಲಸ ಇತ್ತು."

"ಹೇಳಿದ್ಯಾ?"

ಸ್ಟೌವಿನ ಮೇಲೆ ಹಾಲು ಇಟ್ಟಿದ್ದೆ. "ಏನನ್ನ?" ಎಂದೆ.

ಅವಳು ಬಂದು ಸ್ಟೌವ್ ಆರಿಸಿ, ನನ್ನ ಮುಖ ನೋಡುತ್ತ ನಿಂತಳು. ನಾನು ಆಗ ನೆಲ ನೋಡುತ್ತ, "ಇಲ್ಲ," ಎಂದೆ. "ಹೇಳಕ್ಕೇ ಹೋಗಿದ್ದೆ ಕಣೇ. ಆಗ್ಲಿಲ್ಲ."

"ಚಿತ್ರಾನ್ನ ಹೇಗಿತ್ತಂತೆ?"

"ಹಾಗನ್ಬೇಡ್ವೇ."

"ಅವತ್ತು ನಾನು ಯಾಕೆ ನಿಂತೇ ಇದ್ದೆ ಗೊತ್ತಾ? ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ. ಪಾತ್ರೆ ತೊಳೀವಾಗ್ಲೂ ಅಂದ್ಕೊಂಡೆ. ಲಾರೀಲಿ ವಾಪಸ್ ಬರ್ತಾ ಎರಡು ದಿನಾನೂ ಅಂದ್ಕೊಂಡೆ. ನೀನು ನನ್ ತಲೆನೋವು ಹೇಗಿದೆ ಅಂತ ಕೇಳ್ತಾನೇ ಇದ್ದೆ ಅಕ್ಕ."

ಅಳಲಿಲ್ಲ ಅವಳು. ಅತ್ತಿದ್ದರೆ ಹಿಡಿದುಕೊಳ್ಳಬಹುದಿತ್ತು. "ನೀನೇ ಯಾಕೆ ನನ್ನ ಹೆಸರು ಹೇಳ್ಲಿಲ್ಲ?" ಎಂದು ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು.

"ಎಲ್ಲರ ಮುಂದೆ ನಿನ್ನ ಬೈಸ್ಲಾ? ಅಡುಗೆಯವಳಿಗೆ ಬುದ್ಧಿ ಇಲ್ಲ ಅಂತ ಅವರು ಅನ್ನೋದನ್ನ ನಾನು ನಿಂತು ಕೇಳ್ಲಾ?"

"ನಾಳೆ ಹೋಗ್ತೀನಿ. ಬೆಳಿಗ್ಗೆನೇ ಹೋಗಿ ಎಲ್ಲ ಹೇಳ್ತೀನಿ."

"ಬೇಡ," ಎಂದಳು. "ಈಗ ಹೇಳಿದ್ರೆ ಆ ಜಾಗ ನಂಗೆ ವಾಪಸ್ ಬರಲ್ಲ. ಅವಳು ಚೆನ್ನಾಗಿ ಕೆಲ್ಸ ಮಾಡ್ತಿದಾಳೆ, ಅವಳಿಗೆ ಸುಮ್ನೆ ಮುಜುಗರ. ನಿಂಗೊಬ್ಬಳಿಗೆ ಹಗುರ ಆಗುತ್ತೆ. ಅದಕ್ಕೋಸ್ಕರ ಹೋಗ್ಬೇಡ."

ನನ್ನನ್ನು ದಾಟಿ ಹೋಗಿ ಲೋಟ ತೆಗೆದುಕೊಂಡಳು. ಅರ್ಧ ಕಾದ ಹಾಲನ್ನೇ ಬಗ್ಗಿಸಿಕೊಂಡು ತನ್ನ ಕೋಣೆಗೆ ಹೋದಳು. ಬಾಗಿಲು ಜೋರಾಗಿ ಹಾಕಲಿಲ್ಲ, ಮೆಲ್ಲಗೆ ಹಾಕಿದಳು.

ನಾನು ಹೋಗಲಿಲ್ಲ. ತಂಗಿ ಬೇಡವೆಂದಳು, ಅದಕ್ಕೇ ಹೋಗಲಿಲ್ಲ ಎಂದು ಹೇಳಿಕೊಳ್ಳಬಹುದು. ಆದರೆ ಅವಳು "ಬೇಡ" ಎಂದ ಆ ಕ್ಷಣದಲ್ಲಿ ನನ್ನ ಎದೆಯಲ್ಲಿ ಮೊಟ್ಟಮೊದಲು ಬಂದದ್ದು ದುಃಖವಲ್ಲ. ಸದ್ಯ, ಇನ್ನು ಹೋಗಬೇಕಾಗಿಲ್ಲ ಎನ್ನುವ ನಿರಾಳ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅದನ್ನೂ ಕಂಡಿರುತ್ತಾಳೆ.